ಅತ್ತೆಯ ಗ್ಲಾಸಿಗೆ ನೊರೆ

ನನ್ನ ಮಾವ ಒಮಾನಿಗೆ ಬಂದಿಳಿದ ನಾಲ್ಕನೆಯ ದಿನವೇ ಯಾರದೋ ಖರ್ಜೂರದ ಮರ ಹತ್ತಿದರು. ವಯಸ್ಸು ಎಪ್ಪತ್ತೊಂದು. ಬೆಳಿಗ್ಗೆ ಸ್ವಲ್ಪ ನಡೆದು ಬರುತ್ತೇನೆಂದು ಹೊರಟವರು ಎಂಟು ಗಂಟೆಯಾದರೂ ಪತ್ತೆಯಿಲ್ಲ. ಎಂಬತ್ತೊಂಬತ್ತರ ಜುಲೈ ತಿಂಗಳು. ಎಂಟಕ್ಕೆಲ್ಲ ನಾವಿದ್ದ ಅಲ್ ಖೌದಿನ ನೆಲ ಚಪ್ಪಲಿ ದಾಟಿ ಅಂಗಾಲು ಸುಡುತ್ತಿತ್ತು. ನಾನು ತಲೆಗೊಂದು ಟವೆಲು ಹಾಕಿಕೊಂಡು ಬೈಯುತ್ತ, ಒಣಗಿದ ಹೊಳೆಯ ಪಕ್ಕದ ಹಳೆಯ ತೋಟಗಳವರೆಗೆ ಹುಡುಕಿಕೊಂಡು ಹೋದೆ. ಅಲ್ಲಿ ಮೇಲಿನಿಂದ ಅವರ ದನಿ ಬಂತು.

“ಲೋಲಾಕ್ಷಿ, ಕೆಳಗೆ ನಿಲ್ಬೇಡ ಮಗಾ, ಗೊನೆ ಬೀಳ್ತದೆ!”

ನೋಡಿದರೆ ಲುಂಗಿ ಎತ್ತಿ ಕಟ್ಟಿ, ಸೊಂಟಕ್ಕೆ ಹಗ್ಗ ಸುತ್ತಿ, ಕೈಯಲ್ಲಿ ಕತ್ತಿ ಹಿಡಿದು ತುದಿಯಲ್ಲಿ ಕೂತಿದ್ದಾರೆ. ಬುಡದಲ್ಲಿ ತೋಟದ ಯಜಮಾನ, ಬಿಳಿಗಡ್ಡದ ಒಮಾನಿ ಅಜ್ಜ, ಕಾವಾ ಎನ್ನುವ ಅರಬ್ಬೀ ಕಾಫಿಯ ಹೂಜಿ ಹಿಡಿದು ನಗುತ್ತ ನಿಂತಿದ್ದರು. ಖರ್ಜೂರ ಕೊಯ್ಲಿನ ಕಾಲ, ಕೆಲಸದವನು ಬಂದಿರಲಿಲ್ಲವಂತೆ. ಎಲ್ಲಿಂದಲೋ ಒಬ್ಬ ಮುದುಕ ಬಂದು ಸರಸರ ಮರ ಹತ್ತಿ ಗೊನೆ ಇಳಿಸಿ ಕೊಟ್ಟರೆ ಯಾರಿಗೆ ಬೇಡ? ಮಾವ ಕೆಳಗಿಳಿದ ಮೇಲೆ ಇಬ್ಬರೂ ಭಾಷೆಯಿಲ್ಲದೆ ಕಾವಾ ಕುಡಿದರು. ಒಂದು ಬುಟ್ಟಿ ಹಣ್ಣನ್ನೂ ಕೊಟ್ಟು ಕಳಿಸಿದರು.

“ಇದೆಂತ ಮಾವ ನಿಮ್ಮ ಅವಸ್ಥೆ?” ದಾರಿಯಲ್ಲಿ ಕೇಳಿದೆ. ಮನೆಯಲ್ಲಿ ನಮ್ಮದು ತುಳು. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

“ಕಳ್ಳು ಇಳಿಸ್ಲಿಕ್ಕೆ ಆಗ್ತದಾ ಅಂತ ನೋಡಿದ್ದು” ಎಂದರು ಏನೂ ಆಗದವರ ಹಾಗೆ. “ಮರ ಒಳ್ಳೇದುಂಟು. ಆದ್ರೆ ಆ ಮುದುಕನ ಮುಖ ನೋಡಿ ಕೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ.”

ಅಯ್ಯೋ ದೇವರೇ! ಮುಸಲ್ಮಾನರ ದೇಶದಲ್ಲಿ, ಐದು ಹೊತ್ತು ನಮಾಜು ಮಾಡುವ ಅಜ್ಜನ ಮರದಿಂದ ಕಳ್ಳು! ಮನೆ ತಲುಪುವವರೆಗೂ ಬೈದೆ. ಅವರು ಖರ್ಜೂರ ತಿನ್ನುತ್ತ ಕೇಳಿಸಿಕೊಂಡರು.

ಆದರೆ ಕಾರಣ ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅಷ್ಟು ಬೈದದ್ದು. ನನ್ನ ಅತ್ತೆ ಅಪ್ಪಿ ತೀರಿಹೋಗಿ ಮೂರು ವರ್ಷ. ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡು ಅವರು ಗಂಡನ ಹತ್ತಿರ ಮಾತು ತೆಗೆದುಕೊಂಡಿದ್ದರು. “ನಾನು ಹೋದ ಮೇಲೆ ವರ್ಷಕ್ಕೊಂದು ಗ್ಲಾಸು ಕೊಡಿ, ಸಾಕು. ಅಂಗಡಿಯದ್ದು ಬೇಡ, ನಿಮ್ಮ ಕೈಯದ್ದು. ನೊರೆ ಇರ್ಬೇಕು. ನೊರೆ ಇಲ್ಲದ್ದು ಕೊಟ್ರೆ ನಾನು ಮುಟ್ಟುವವಳಲ್ಲ.” ಹೀಗೆಂದು ಎರಡನೆಯ ದಿನ ಹೋಗಿಬಿಟ್ಟರು. ಮಾವ ಗುರುವ ಜೀವನವಿಡೀ ತಾಳೆ ಮರ ಹತ್ತಿ ಕಳ್ಳು ಇಳಿಸಿದವರು. ವಯಸ್ಸಾಯಿತೆಂದು ಕೆಲಸ ಬಿಟ್ಟರೂ, ಮಳೆಗಾಲದ ಆಟಿ ತಿಂಗಳಲ್ಲಿ ಹೆಂಡತಿ ತೀರಿದ ದಿನಕ್ಕೆಂದು ಅಂಗಳದ ಗಿಡ್ಡ ತೆಂಗಿನಿಂದ ಒಂದು ಮಡಕೆ ಇಳಿಸಿ, ಎಲೆ ಹಾಕಿ ಬಡಿಸಿ, ಪಕ್ಕದಲ್ಲಿ ಗ್ಲಾಸು ಇಡುತ್ತಿದ್ದರು. ಅದನ್ನು ಕೊಡುವವರೆಗೆ ಆ ದಿನ ತೊಟ್ಟು ನೀರೂ ಕುಡಿಯುತ್ತಿರಲಿಲ್ಲ.

ಈ ವರ್ಷ ಅವರನ್ನು ಇಲ್ಲಿಗೆ ಕರೆಸಿದ್ದು ನನ್ನ ಗಂಡ ಬೋಜ. ಕಂಪನಿಯೊಂದರ ಸ್ಟೋರಿನಲ್ಲಿ ಸಾವಿರ ಸಾಮಾನಿನ ಲೆಕ್ಕ ಇಡುವ ಮಹಾನುಭಾವ. ತನ್ನ ತಾಯಿಯ ದಿನ ಯಾವಾಗ ಎಂದು ನೋಡದೆ ಟಿಕೆಟ್ ಮಾಡಿಸಿದ್ದಾರೆ. ವಾಪಸು ಹೋಗುವುದು ಸೆಪ್ಟೆಂಬರಿಗೆ, ದಿನ ಬರುವುದು ಜುಲೈ ಇಪ್ಪತ್ತೆಂಟು, ಶುಕ್ರವಾರ.

“ಊರಲ್ಲಿ ಅಕ್ಕ ಬಡಿಸ್ತಾಳಲ್ಲ ಅಪ್ಪ” ಎಂದರು ಇವರು.

“ನಿನ್ನಕ್ಕನ ಹತ್ರ ಮಾತು ತಗೊಂಡದ್ದಾ ಅವಳು?” ಎಂದರು ಮಾವ. “ನನ್ನನ್ನು ವಿಮಾನ ಹತ್ತಿಸು. ಇಲ್ಲದಿದ್ರೆ ಆ ದಿನದಿಂದ ನನಗೆ ನೀರು ಕೊಡ್ಬೇಡ.”

ಹೆದರಿಸಲು ಹೇಳುವ ಮನುಷ್ಯ ಅಲ್ಲ ಅವರು. ಇವರು ಆಫೀಸಿನಿಂದ ಮೂರು ದಿನ ಫೋನು ಮಾಡಿದರೂ ರಜೆಯ ಕಾಲದ ವಿಮಾನದಲ್ಲಿ ಒಂದು ಸೀಟೂ ಸಿಗಲಿಲ್ಲ. ಮಸ್ಕತ್ತಿನ ರೂವಿಯಲ್ಲಿ ಗ್ಯಾರೇಜು ನಡೆಸುವ ನಮ್ಮೂರ ಅಲೋಶಿಯಸ್, ತನ್ನ ಮದ್ಯದ ಪರ್ಮಿಟ್ಟಿನಲ್ಲಿ ತಂದ ಬಿಯರಿನ ಎರಡು ಡಬ್ಬಿ ಕೊಡುತ್ತೇನೆಂದ. ಮಾವ ಡಬ್ಬಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅವರ ಕೈಯದ್ದಾಗಬೇಕು ಎಂದರೆ ಆಗಬೇಕು.

ಆಗಲೇ ಇವರಿಗೆ ಒಂದು ಉಪಾಯ ಸಿಕ್ಕಿದ್ದು. ಇವರ ಆಫೀಸಿನ ಇಂಗ್ಲಿಷ್ ಎಂಜಿನಿಯರೊಬ್ಬ ಕೆಲಸ ಮುಗಿಸಿ ಊರಿಗೆ ಹೊರಟಿದ್ದ. ಮನೆಯಲ್ಲೇ ಏಲ್ ಮಾಡುತ್ತಿದ್ದವನು. ಏಲ್ ಎಂದರೆ ಅವರ ಊರಿನ ಒಂದು ಬಗೆಯ ಬಿಯರು. ಹೋಗುವಾಗ ಅದರ ಸಾಮಾನನ್ನೆಲ್ಲ ಇವರ ಕಾರಿಗೆ ತುಂಬಿದ. ಮುಚ್ಚಳ ಇರುವ ದೊಡ್ಡ ಬಿಳಿ ಪ್ಲಾಸ್ಟಿಕ್ ಡ್ರಮ್ಮು, ಜೋನಿಬೆಲ್ಲದ ಹಾಗೆ ಕಪ್ಪಗೆ ಅಂಟಂಟಾದ ಬಾರ್ಲಿ ಮಾಲ್ಟಿನ ಡಬ್ಬಿ, ಒಂದು ಪ್ಯಾಕೆಟ್ ಯೀಸ್ಟು, ಒಂದು ಚಿಕ್ಕ ಪುಸ್ತಕ. ಮುಚ್ಚಳದ ಮೇಲೆ ಬಾಗಿದ ನಳಿಗೆ ಇತ್ತು. ಅದರಲ್ಲಿ ಸ್ವಲ್ಪ ನೀರು ಹಾಕಿಡಬೇಕು. ಒಳಗೆ ಹುಳಿ ಬರತೊಡಗಿದರೆ ಗಾಳಿ ಆ ನೀರಿನಲ್ಲಿ ಗುಳುಗುಳು ಎಂದು ಹೊರಗೆ ಬರುತ್ತದೆ.

“ಬಿಳಿಯರ ಕಳ್ಳು” ಎಂದರು ಮಾವ ಡಬ್ಬಿಗೆ ಬೆರಳದ್ದಿ ನೆಕ್ಕಿ. ಮುಖ ಸ್ವಲ್ಪ ಅರಳಿತು. “ಮಾಡುವ. ನನ್ನ ಕೈಯಲ್ಲೇ ಆಗ್ಬೇಕು ಆದ್ರೆ.”

ಹದಿನಾಲ್ಕನೇ ತಾರೀಕು ಶುಕ್ರವಾರ ಕೆಲಸ ಶುರುವಾಯಿತು. ಇನ್ನು ಸರಿಯಾಗಿ ಎರಡು ವಾರ. ನಾನು ನೀರು ಕಾಯಿಸಿದೆ, ಇವರು ಪುಸ್ತಕ ಓದಿ ಗದರಿದರು, ಮಾವ ಡ್ರಮ್ಮು ತೊಳೆಯುತ್ತೇನೆಂದು ಬಚ್ಚಲಿಗೆ ಹೋಗಿ ಅರ್ಧ ಗಂಟೆ ಹೊರಗೇ ಬರಲಿಲ್ಲ. ಕೊನೆಗೆ ಮಗುವನ್ನು ಎತ್ತಿಕೊಂಡ ಹಾಗೆ ಡ್ರಮ್ಮು ಎತ್ತಿಕೊಂಡು ಬಂದರು. ಮಾಲ್ಟು ಕರಗಿಸಿ ಸುರಿದೆವು, ಸಕ್ಕರೆ ಹಾಕಿದೆವು, ಆರಿದ ಮೇಲೆ ಯೀಸ್ಟು ಉದುರಿಸಿ ಮುಚ್ಚಳ ಹಾಕಿದೆವು. ಮಾವ ಕಣ್ಣು ಮುಚ್ಚಿ ಕೈ ಮುಗಿದರು. ಆಮೇಲೆ ಮೂವರೂ ನೆಲದ ಮೇಲೆ ಕುಳಿತು ನಳಿಗೆಯನ್ನೇ ನೋಡತೊಡಗಿದೆವು.

ಗುಳು ಇಲ್ಲ. ಗುಳುವಿನ ಗು ಕೂಡ ಇಲ್ಲ.

ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಇವರು ಆಫೀಸಿನಿಂದ ಗಂಟೆಗೊಮ್ಮೆ ಫೋನು. “ಬಂತಾ?” “ಇಲ್ಲ.” “ಈಗ ಬಂತಾ?” “ನೀವೇ ಬಂದು ಊದಿ!” ಎಂದು ಫೋನು ಕುಕ್ಕಿದೆ. ಇದರ ನಡುವೆ ಮಾವನದ್ದು ಇನ್ನೊಂದು ರಗಳೆ, ಎಲೆಅಡಿಕೆಗೆ ಸುಣ್ಣ ಮುಗಿದಿದೆಯಂತೆ. ಮೂರು ತಿಂಗಳಿಗೆಂದು ಊರಿನಿಂದ ತಂದ ಒಂದು ಡಬ್ಬಿ ಸುಣ್ಣ ಎರಡು ವಾರದಲ್ಲಿ ಹೇಗೆ ಮುಗಿಯುತ್ತದೆ? “ಅನ್ನಕ್ಕೆ ಕಲಸಿ ಉಣ್ತೀರಾ ಮಾವ?” ಎಂದು ಕೇಳಿದೆ. ಅವರಿಗೂ ಆಶ್ಚರ್ಯವಾಗಿತ್ತು, ಪಾಪ.

ಸೋಮವಾರ ಅಲೋಶಿಯಸ್‌ಗೆ ಫೋನು ಮಾಡಿದೆವು. ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಬಚ್ಚಲಿನಲ್ಲಿ ದ್ರಾಕ್ಷಿ ವೈನು ಮಾಡುವವನು, ಇದರಲ್ಲಿ ಪಂಡಿತ. ನಮ್ಮ ಹತ್ತಿರ ಪರ್ಮಿಟ್ ಇಲ್ಲದ್ದರಿಂದ ಫೋನಿನಲ್ಲಿ ಹೆಸರು ಹೇಳುವ ಹಾಗಿರಲಿಲ್ಲ. ಹಾಗಾಗಿ ಅದಕ್ಕೆ ‘ಹಿಟ್ಟು’ ಎನ್ನುವುದೆಂದು ಮೊದಲೇ ಮಾತಾಗಿತ್ತು.

“ಲೋಲಕ್ಕ, ಹಿಟ್ಟು ಎಲ್ಲಿಟ್ಟಿದ್ದೀರಿ?”

“ಬೆಡ್‌ರೂಮಲ್ಲಿ, ಏಸಿ ಎದುರಿಗೆ. ಹಿಟ್ಟು ಹುಳಿಯೇ ಬರ್ತಾ ಇಲ್ಲ.”

“ಖಲಾಸ್! ಅದಕ್ಕೆ ಚಳಿಯಾಗಿ ಮಲಗಿದೆ ಮಾರಾಯ್ರೆ. ಬೆಚ್ಚಗೆ ಇಡಿ.”

ಫೋನು ಇದ್ದದ್ದು ಬಾಗಿಲ ಪಕ್ಕ. ಎದುರು ಫ್ಲ್ಯಾಟಿನ ಸುಶೀಲಮ್ಮ, ಮೈಸೂರಿನವರು, ಎಲ್ಲ ಕೇಳಿಸಿಕೊಂಡು ಸೆರಗಿಗೆ ಕೈಯೊರೆಸುತ್ತ ಬಂದೇಬಿಟ್ಟರು. “ಏನ್ರೀ ಲೋಲಾಕ್ಷಿ, ಹಿಟ್ಟು ಹುಳಿ ಬಂದಿಲ್ವಾ? ನನ್ನನ್ನ ಕೇಳೋದಲ್ವಾ! ಕಂಬಳಿ ಹೊದಿಸಿ. ನಮ್ಮನೇಲಿ ಡಿಸೆಂಬರ್‌ನಲ್ಲಿ ಹಾಗೇ ಮಾಡೋದು. ಎಷ್ಟು ಪಾವು ನೆನೆಸಿದೀರಿ?”

“ಇಪ್ಪತ್ತು ಲೀಟರು” ಎಂದರು ಮಾವ ಒಳಗಿನಿಂದ.

ಸುಶೀಲಮ್ಮ ನನ್ನ ಮುಖ ನೋಡಿದರು. “ಊರಿಂದ ಜನ ಬರ್ತಾರೆ” ಎಂದೆ. ಆ ಜುಲೈ ತಿಂಗಳ ಬೆಂಕಿಯಲ್ಲಿ ಮಸ್ಕತ್ ಸೀಮೆಯಲ್ಲೇ ಕಂಬಳಿ ಹೊದ್ದಿದ್ದು ನಮ್ಮ ಡ್ರಮ್ಮು ಒಂದೇ ಇರಬೇಕು. ಅದಕ್ಕೆ ಬೆವರಿತೋ ಇಲ್ಲವೋ, ಕಾವಲು ಕೂತ ನಾವು ಬೆವತು ತೊಪ್ಪೆಯಾದೆವು. ಗುಳು ಇಲ್ಲ.

ಮಂಗಳವಾರ ಅಲೋಶಿಯಸ್ ಎರಡನೆಯ ಮದ್ದು ಹೇಳಿದ. ಮುಚ್ಚಳ ಸಡಿಲ ಇದ್ದರೆ ಗಾಳಿ ಬದಿಯಿಂದಲೇ ಹೋಗಿಬಿಡುತ್ತದೆ, ನಳಿಗೆಗೆ ಬರುವುದಿಲ್ಲ. ನಾನು ಮೈದಾ ಕಲಸಿ ಮುಚ್ಚಳದ ಸುತ್ತ ಮೆತ್ತಿದೆ. ಇವರು ಸಾಲದೆಂದು ಮೇಲೆ ಟೇಪು ಸುತ್ತಿದರು. ಮಾವ ಕಿವಿಯಿಟ್ಟು ಕೇಳಿ, “ಹೆಣದ ಹಾಗೆ ಬಿದ್ದುಕೊಂಡಿದೆ” ಎಂದರು. ಗುಳು ಇಲ್ಲ.

ಬುಧವಾರ ಮೂರನೆಯ ಪ್ರಶ್ನೆ ಬಂತು. “ಬೋಜಣ್ಣ, ಯೀಸ್ಟು ಎಲ್ಲಿಟ್ಟಿದ್ದಿರಿ?”

ಇವರು ಕೆಮ್ಮಿದರು. “ಕಾರಲ್ಲಿ.”

“ಕಾರಲ್ಲಿ ಎಲ್ಲಿ?”

“ಡ್ಯಾಶ್‌ಬೋರ್ಡ್ ಮೇಲೆ. ಎರಡೇ ದಿನ.”

ಫೋನಿನಲ್ಲಿ ಅಲೋಶಿಯಸ್ ಯಾವುದೋ ಸಂತನನ್ನು ಕರೆದದ್ದು ನನಗೂ ಕೇಳಿಸಿತು. ಒಮಾನಿನ ಜುಲೈಯಲ್ಲಿ ಕಾರಿನ ಗಾಜಿನ ಕೆಳಗೆ! ಅಲ್ಲಿಟ್ಟರೆ ಮೊಟ್ಟೆ ಬೇಯುತ್ತದೆ, ಯೀಸ್ಟು ಬದುಕುತ್ತದಾ? “ಮಂಡೆ ಉಂಟಾ ನಿಮಗೆ? ಸ್ಟೋರ್‌ಕೀಪರಂತೆ, ಸ್ಟೋರ್‌ಕೀಪರು!” ಎಂದು ನಾನು ಬೈದದ್ದು ಸುಶೀಲಮ್ಮನವರಿಗೂ ಕೇಳಿಸಿರಬೇಕು. ಆದರೆ ನಿಜ ಹೇಳುತ್ತೇನೆ, ಒಳಗೊಳಗೆ ಖುಷಿಯೇ ಆಯಿತು. ಕಾರಣ ಸಿಕ್ಕಿತಲ್ಲ, ತಪ್ಪು ಗಂಡನದ್ದೇ ಎಂದೂ ಆಯಿತಲ್ಲ.

ಕೆಳಗೆ ಮೊಯ್ದೀನ್‌ನ ಅಂಗಡಿಯಿಂದ ರೊಟ್ಟಿಗೆ ಹಾಕುವ ಯೀಸ್ಟು ತಂದೆ. ಈ ಸಲ ಅವಸರ ಮಾಡಲಿಲ್ಲ, ಅಲೋಶಿಯಸ್ ಹೇಳಿದಂತೆ ಮೊದಲು ಒಂದು ಲೋಟ ಉಗುರುಬೆಚ್ಚಗಿನ ಸಕ್ಕರೆ ನೀರಿಗೆ ಹಾಕಿ ನೋಡಿದೆವು. ಕಾಲು ಗಂಟೆಯಲ್ಲಿ ಬುಸುಬುಸು ಎಂದು ನೊರೆ ಏರಿ ಲೋಟದ ಅಂಚು ದಾಟಿತು. “ಜೀವ ಉಂಟು, ಜೀವ ಉಂಟು!” ಎಂದು ಮಾವ ಕುಣಿದೇಬಿಟ್ಟರು. ಆ ನೊರೆಯನ್ನು ಡ್ರಮ್ಮಿಗೆ ಸುರಿದು, ಮುಚ್ಚಿ, ಮೈದಾ ಮೆತ್ತಿ, ಕಾದೆವು.

ಗುರುವಾರವಿಡೀ ಕಾದೆವು. ಗುಳು ಇಲ್ಲ.

ಶುಕ್ರವಾರ ಬಂತು. ಒಂದು ವಾರ ಹೋಯಿತು, ಒಂದೇ ವಾರ ಉಳಿಯಿತು. ಮಾವ ಬೆಳಿಗ್ಗೆ ಎದ್ದು ಚೀಲ ತುಂಬತೊಡಗಿದರು. ವಿಮಾನ ಇಲ್ಲ ಮಾವ ಎಂದರೆ, ವಿಮಾನ ನಿಲ್ಲುವಲ್ಲಿ ಹೋಗಿ ಕೂರುತ್ತೇನೆ, ಯಾರಾದರೂ ಸೀಟು ಬಿಟ್ಟುಕೊಟ್ಟರೆ ಹತ್ತುತ್ತೇನೆ ಎಂದರು. ಆ ಚೀಲದಲ್ಲಿ ಎರಡು ಲುಂಗಿ, ಒಂದು ಕತ್ತಿ, ಅತ್ತೆಯ ಹಳೆಯ ಸ್ಟೀಲ್ ಗ್ಲಾಸು. ಗ್ಲಾಸು ನೋಡಿ ನನಗೆ ತಡೆಯಲಾಗಲಿಲ್ಲ. ಈ ಮನುಷ್ಯ ಅದನ್ನು ಊರಿನಿಂದ ಹೊತ್ತುಕೊಂಡು ಬಂದಿದ್ದರು, ಎಲ್ಲಿಯಾದರೂ ಹೇಗಾದರೂ ಕೊಡುತ್ತೇನೆಂಬ ನಂಬಿಕೆಯಲ್ಲಿ.

ಅತ್ತೆಗೂ ನನಗೂ ಎಂಥ ಪ್ರೀತಿ ಇತ್ತೆಂದು ಕೇಳಬೇಡಿ. ಹನ್ನೆರಡು ವರ್ಷ ಜಗಳವಾಡಿದ್ದೇವೆ. ನಾನು ಯಾವ ಸಾರು ಮಾಡಿದರೂ ಒಂದು ಬೆರಳು ನೆಕ್ಕಿ “ಉಪ್ಪು ಸ್ವಲ್ಪ ಕಡಿಮೆ” ಎನ್ನುತ್ತಿದ್ದರು. ಒಂದು ದಿನ ಸಿಟ್ಟಿನಲ್ಲಿ ಹಿಡಿ ಉಪ್ಪು ಹಾಕಿ ಕೊಟ್ಟೆ. ಆಗಲೂ ಅದನ್ನೇ ಹೇಳಿದರು! ಆದರೂ ಅವರು ಹೋದ ಮೇಲೆ ಸಾರಿಗೆ ಉಪ್ಪು ಹಾಕುವಾಗಲೆಲ್ಲ ಕೈ ಒಂದು ಗಳಿಗೆ ನಿಲ್ಲುತ್ತದೆ. ಹೇಳುವವರಿಲ್ಲ ಈಗ.

“ಬನ್ನಿ ಮಾವ” ಎಂದು ಅವರ ಕೈ ಹಿಡಿದು ಡ್ರಮ್ಮಿನ ಹತ್ತಿರ ಎಳೆದುಕೊಂಡು ಹೋದೆ. “ನಲವತ್ತು ವರ್ಷ ಕಳ್ಳು ನೋಡಿದವರು ನೀವು. ಪುಸ್ತಕ ಬೇಡ, ಫೋನು ಬೇಡ. ನೀವು ನೋಡಿ ಹೇಳಿ ಇದಕ್ಕೆಂತ ಆಗಿದೆ.”

ಮೈದಾ ಕಿತ್ತು ಮುಚ್ಚಳ ತೆಗೆದೆವು. ಮಾವ ಬಗ್ಗಿ ಮೂಸಿದರು. ಬೆರಳದ್ದಿ ನಾಲಗೆಗೆ ಮುಟ್ಟಿಸಿದರು. ಮತ್ತೊಮ್ಮೆ ಅದ್ದಿ, ಡ್ರಮ್ಮಿನ ಒಳಗೋಡೆಯನ್ನು ಉಜ್ಜಿ, ಬೆರಳನ್ನೇ ನೋಡುತ್ತ ನಿಂತರು. ಬೆರಳ ತುದಿ ಬೆಳ್ಳಗಾಗಿತ್ತು. ಅವರ ಮುಖ ನೋಡನೋಡುತ್ತ ಇಳಿದುಹೋಯಿತು.

“ಮಗಾ” ಎಂದರು ಮೆಲ್ಲಗೆ, “ನನ್ನ ಸುಣ್ಣ ಎಲ್ಲಿ ಹೋಯ್ತು ಅಂತ ಗೊತ್ತಾಯ್ತು.”

ಓಲೆಬೆಲ್ಲ, ಅಂದರೆ ತಾಳೆಬೆಲ್ಲ, ಮಾಡುವ ಕಳ್ಳು ಸಿಹಿಯಾಗಿಯೇ ಉಳಿಯಬೇಕು. ಹುಳಿ ಬಂದರೆ ಬೆಲ್ಲ ಕಟ್ಟುವುದಿಲ್ಲ. ಅದಕ್ಕೆ ಮರಕ್ಕೆ ಕಟ್ಟುವ ಮಡಕೆಯ ಒಳಗೆ ಸುಣ್ಣ ಹಚ್ಚುತ್ತಾರೆ, ಸುಣ್ಣ ಇದ್ದಲ್ಲಿ ಹುಳಿ ಏಳುವುದಿಲ್ಲ. ಅತ್ತೆ ಬೆಲ್ಲ ಕಾಯಿಸುವವರು, ಮಾವ ಇಳಿಸುವವರು. ದಿನಕ್ಕೆ ಇಪ್ಪತ್ತು ಮಡಕೆ, ನಲವತ್ತು ವರ್ಷ. ತೊಳೆದ ಪಾತ್ರೆ ಕೈಗೆ ಬಂದ ಕೂಡಲೇ ಆ ಕೈ ಯಾರನ್ನೂ ಕೇಳದೆ ತನ್ನ ಕೆಲಸ ಮಾಡಿ ಮುಗಿಸಿತ್ತು. ಇಡೀ ಡಬ್ಬಿ ಸುಣ್ಣ. ಬಿಳಿ ಡ್ರಮ್ಮಿಗೆ ಬಿಳಿ ಸುಣ್ಣ, ನಮ್ಮ ಯಾರ ಕಣ್ಣಿಗೂ ಬೀಳಲಿಲ್ಲ.

“ಅಪ್ಪಾ!” ಎಂದು ಇವರು ಕೂಗಿದರು. “ಅರ್ಧ ಗಂಟೆ ಒಳಗೆ ಇದನ್ನಾ ಮಾಡಿದ್ದು ನೀವು?”

ಮಾವ ಸ್ಟೂಲಿನ ಮೇಲೆ ಕುಸಿದರು. “ಎಲ್ಲ ಮಡಕೆಗೂ ಸುಣ್ಣ ಹಚ್ಚುವಾಗ ಒಂದನ್ನು ಹಾಗೇ ಬಿಡ್ತಿದ್ದೆ. ಸುಣ್ಣ ಇಲ್ಲದ್ದು ಅವಳ ಮಡಕೆ. ಸಂಜೆ ಒಲೆ ಎದುರು ಕೂತು ಅದರದ್ದೊಂದು ಗ್ಲಾಸು ಕುಡಿಯುವಳು. ನಲವತ್ತು ವರ್ಷ ಒಂದು ದಿನ ತಪ್ಪಲಿಲ್ಲ ನನಗೆ. ಈಗ ಅವಳ ಮಡಕೆಗೇ ಸುಣ್ಣ ಹಚ್ಚಿದೆನಲ್ಲ ಮಗಾ.” ಬೆಳ್ಳಗಾದ ಬೆರಳನ್ನು ಲುಂಗಿಗೆ ಒರೆಸಿದರು. “ಚೆಲ್ಲಿಬಿಡಿ. ಸುಣ್ಣ ಬಿದ್ದದ್ದು ಇನ್ನು ಹುಳಿ ಬರುವುದಿಲ್ಲ.”

ಇವರು ಡ್ರಮ್ಮಿನ ಹಿಡಿಗೆ ಕೈ ಹಾಕಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆಂದು ಕೇಳಿದರೆ ಹೇಳಲಾರೆ. ಸುಣ್ಣದ ಮೇಲೆ, ಟಿಕೆಟ್ಟಿನ ಮೇಲೆ, ಸತ್ತರೂ ಹಟ ಬಿಡದ ಅತ್ತೆಯ ಮೇಲೆ. “ಮುಟ್ಟಿದ್ರೆ ನೋಡಿ!” ಎಂದು ಕಿರುಚಿದೆ. ಆ ಕಿರುಚಾಟದ ನಡುವೆಯೇ ನನಗೆ ನೆನಪಾದದ್ದು ನನ್ನ ಅಕ್ಕನ ಮದುವೆ.

ಆಗ ನನಗೆ ಹತ್ತು ವರ್ಷ. ಆರತಿಗೆಂದು ಅರಸಿನದ ನೀರಿಗೆ ಸುಣ್ಣ ಕಲಸಿ ಕೆಂಪು ಕುರ್ದಿ ಮಾಡಿ ಹರಿವಾಣದಲ್ಲಿಟ್ಟಿದ್ದರು. ನಾನು ಸುಮ್ಮನಿರಲಾರದೆ ಅದಕ್ಕೊಂದು ನಿಂಬೆಹುಳಿ ಹಿಂಡಿದೆ. ಕೆಂಪು ಹೋಗಿ ನೀರು ಮತ್ತೆ ಹಳದಿಯಾಗಿಬಿಟ್ಟಿತು! ಮದುಮಗನಿಗೆ ಹಳದಿ ಕುರ್ದಿಯ ಆರತಿ. ಅಮ್ಮ ಕೊಟ್ಟ ಪೆಟ್ಟು ಇನ್ನೂ ಬೆನ್ನಲ್ಲಿದೆ. ಆದರೆ ಒಂದು ಪಾಠ ಕಲಿತಿದ್ದೆ. ಸುಣ್ಣವನ್ನು ಸೋಲಿಸುವುದು ನಿಂಬೆ.

ಬಿಳಿ ತಟ್ಟೆಯಲ್ಲಿ ಒಂದು ಚಿಟಿಕೆ ಅರಸಿನ ಹಾಕಿ, ಡ್ರಮ್ಮಿನಿಂದ ಒಂದು ಚಮಚ ಅದರ ಮೇಲೆ ಬಿಟ್ಟೆ. ಕೆಂಪಗಾಯಿತು, ಥೇಟ್ ಕುರ್ದಿ. “ನೋಡಿ, ಇದು ಹಳದಿಯಾಗುವವರೆಗೆ ಹಿಂಡುವುದು” ಎಂದೆ. ಇಬ್ಬರು ಗಂಡಸರೂ ನನ್ನ ಮುಖವನ್ನೇ ನೋಡಿದರು. ಹದಿನೈದು ವರ್ಷದ ಸಂಸಾರದಲ್ಲಿ ಇವರು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

ನಮಾಜು ಮುಗಿಸಿ ಬಂದು ಮೊಯ್ದೀನ್ ಅಂಗಡಿ ತೆರೆಯುತ್ತಲೇ, ಅಲ್ಲಿದ್ದ ನಿಂಬೆಯನ್ನೆಲ್ಲ ಬಾಚಿದೆ. “ಎಂತ ಲೋಲಕ್ಕ, ಶರಬತ್ತಿನ ಅಂಗಡಿ ಇಡ್ತೀರಾ?” ಎಂದ. “ಹೌದು, ನಿನ್ನ ಅಂಗಡಿ ಎದುರಿಗೇ” ಎಂದೆ. ಮೂವರೂ ಕೂತು ಕೊಯ್ದು ಹಿಂಡಿದೆವು. ಹತ್ತು ನಿಂಬೆಗೆ ಕೆಂಪು. ಇಪ್ಪತ್ತಕ್ಕೆ ಕೆಂಪು. ಬೆರಳ ಸಂದಿಯೆಲ್ಲ ಉರಿಯತೊಡಗಿತು. ನಲವತ್ತಕ್ಕೆ ಕಂದು. ಸದ್ದು ಕೇಳಿ ಬಂದ ಸುಶೀಲಮ್ಮ ಬಾಗಿಲಲ್ಲಿ ನಿಂತು ನೋಡಿದರು. ನಿಂಬೆಸಿಪ್ಪೆಯ ರಾಶಿ, ಅರಸಿನದ ತಟ್ಟೆ, ಕಪ್ಪು ನೀರಿನ ಡ್ರಮ್ಮು.

“ಇದು ಇಡ್ಲಿ ಹಿಟ್ಟಲ್ಲ ಅಂತ ನಂಗೆ ಎರಡನೇ ದಿನವೇ ಗೊತ್ತಾಯ್ತು ಕಣ್ರೀ” ಎಂದರು. ಅವರು ಸೀರೆ ಮೇಲಕ್ಕೆ ಸಿಕ್ಕಿಸಿ ನೆಲದ ಮೇಲೆ ಕೂತರು. “ಏನಾದ್ರೂ ಇರ್ಲಿ, ಹುಳಿ ಬರಬೇಕು ತಾನೆ? ಕೊಡಿ, ನಾಲ್ಕು ನಾನೂ ಹಿಂಡ್ತೀನಿ.”

ನಲವತ್ತೇಳನೆಯ ನಿಂಬೆಗೆ ಅರಸಿನ ಹಳದಿಯಾಗಿಯೇ ಉಳಿಯಿತು. ಇರಲಿ ಎಂದು ಇನ್ನೂ ಐದು ಹಿಂಡಿದೆ. ಲೋಟದಲ್ಲಿ ಹೊಸ ಯೀಸ್ಟು ನೊರೆ ಎಬ್ಬಿಸಿ ಸುರಿದೆವು. ಸುಶೀಲಮ್ಮ, ಹುಳಿ ಬರುವುದಕ್ಕೆ ಕೈಗುಣವೂ ಬೇಕು ಎಂದು ಮಾವನ ಕೈ ತೊಳೆಸಿ ಅವರಿಂದಲೇ ಕಲಕಿಸಿದರು. “ಉಪ್ಪು ಮಾತ್ರ ಹಾಕ್ಬೇಡಿ” ಎಂದು ಹೇಳಿ ಹೋದರು.

ಸಂಜೆ ಆರಕ್ಕೆ ನಾನು ಅಕ್ಕಿ ಆರಿಸುತ್ತಿದ್ದೆ. ಕೋಣೆಯ ಮೂಲೆಯಿಂದ ಒಂದು ಸಣ್ಣ ಸದ್ದು ಬಂತು. ಗುಳು. ಮತ್ತೆ, ಗುಳು. ಆಮೇಲೆ ಗುಳುಗುಳು. ನಾನು ಅಕ್ಕಿಯ ಮೊರ ಬಿಸಾಡಿ “ಮಾವಾ!” ಎಂದು ಕೂಗಿದ ಕೂಗಿಗೆ ಮಾವ ಬಚ್ಚಲಿನಿಂದ ಸೋಪಿನ ಮೈಯಲ್ಲೇ ಓಡಿ ಬಂದರು. ಇವರು ಅಲೋಶಿಯಸ್‌ಗೆ ಫೋನು ಮಾಡಿ ಮಾತೇ ಆಡದೆ ಫೋನನ್ನು ನಳಿಗೆಯ ಹತ್ತಿರ ಹಿಡಿದರು. ಆಚೆಯಿಂದ ಅವನು “ಯಲ್ಲಾ! ಯಲ್ಲಾ!” ಎಂದು ಅರಬ್ಬಿಯಲ್ಲಿ ಹುರಿದುಂಬಿಸುವುದು ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಅದಕ್ಕೆ ಹುಚ್ಚೇ ಹಿಡಿಯಿತು. ವಾರವಿಡೀ ಸುಮ್ಮನಿದ್ದದ್ದನ್ನೆಲ್ಲ ಒಂದೇ ದಿನದಲ್ಲಿ ತೀರಿಸಿಕೊಳ್ಳುವ ಹಾಗೆ ನೊರೆ ನಳಿಗೆಯೊಳಗಿಂದ ನುಗ್ಗಿ ನಳಿಗೆಯನ್ನೇ ಚಿಮ್ಮಿಸಿ ಸೂರಿಗೆ ಹೊಡೆಯಿತು. ಗೋಡೆಯ ಮೇಲೆ ಕಂದು ಕಲೆ, ಕ್ಯಾಲೆಂಡರಿನ ಮೇಲೆ ನೊರೆ, ಬಗ್ಗಿ ನೋಡುತ್ತಿದ್ದ ಇವರ ಕನ್ನಡಕದ ಮೇಲೂ ನೊರೆ. ಇಡೀ ಮಹಡಿಗೆ ಪರಿಮಳ ಹೊಡೆಯಿತು.  ಸುಶೀಲಮ್ಮ ತಮ್ಮ ಬಾಗಿಲಲ್ಲಿ ಒಂದು ಕಟ್ಟು ಊದುಬತ್ತಿ ಹಚ್ಚಿಟ್ಟರು, ಯಾರೂ ಹೇಳದೆ.

ಬುಧವಾರ ಗುಳುಗುಳು ನಿಧಾನವಾಯಿತು. ಪೂರ್ತಿ ನಿಲ್ಲುವವರೆಗೆ ಕಾಯಿರಿ ಎಂದ ಅಲೋಶಿಯಸ್. ಆದರೆ ಶುಕ್ರವಾರ ನಮಗಾಗಿ ಕಾಯುತ್ತದಾ? ಶರಬತ್ತಿನ ಗಾಜಿನ ಬಾಟಲಿಗಳಿಗೆ ತುಂಬಿ, ಬಿರಡೆ ಹೊಡೆದು, ದಾರ ಕಟ್ಟಿದೆವು. ನೊರೆ ಬರಲು ಪ್ರತಿ ಬಾಟಲಿಗೆ ಒಂದು ಚಮಚ ಸಕ್ಕರೆ ಹಾಕಬೇಕೆಂದು ಪುಸ್ತಕದಲ್ಲಿತ್ತು. ಇವರು ಹಾಕಿದರು. ಅದು ಗೊತ್ತಿಲ್ಲದೆ ನಾನೂ ಹಾಕಿದೆ. ನಮ್ಮಿಬ್ಬರನ್ನೂ ನಂಬದ ಮಾವ ಕೊನೆಗೆ ಇನ್ನೊಂದು ಚಮಚ ಹಾಕಿದರು. ಈ ವಿಷಯ ಮೂವರಿಗೂ ತಿಳಿದದ್ದು ಆಮೇಲೆ.

ಶುಕ್ರವಾರ ಬೆಳಿಗ್ಗೆಯಿಂದ ಮಾವ ನೀರು ಮುಟ್ಟಲಿಲ್ಲ. ಹೊರಗೆ ನಲವತ್ತಾರು ಡಿಗ್ರಿ. ನಾನು ನಾಲ್ಕಕ್ಕೇ ಎದ್ದು ಕೋಳಿ ಸಾರು, ಬಂಗುಡೆ ಮೀನು, ಬಸಳೆ, ಎಲ್ಲ ಮಾಡಿದೆ. ಅಲೋಶಿಯಸ್ ರೂವಿಯಿಂದ ಬಾಳೆಎಲೆ ತಂದ. ಬೆಡ್‌ರೂಮಿನ ನೆಲ ಒರೆಸಿ ಎಲೆ ಹಾಕಿದೆವು. ಮಾವ ಬಿಳಿ ಪಂಚೆ ಉಟ್ಟು ಕುಳಿತು, ಅತ್ತೆಯ ಸ್ಟೀಲ್ ಗ್ಲಾಸು ಎಲೆಯ ಪಕ್ಕ ಇಟ್ಟು, ಒಂದು ಬಾಟಲಿಯ ದಾರ ಬಿಚ್ಚಿದರು. ಬಿರಡೆ ಒಂದು ಸದ್ದೂ ಇಲ್ಲದೆ ಕೈಗೆ ಬಂತು.

ನಮ್ಮೆಲ್ಲರ ಮುಖ ಬಾಡಿತು. ಮಾವ ಬಗ್ಗಿಸಿ ಸುರಿದರು. ಕಂದು ನೀರು, ತೆಪ್ಪಗೆ ಗ್ಲಾಸಿಗೆ ಇಳಿಯಿತು. ನೊರೆ ಇಲ್ಲ. ಬಿರಡೆ ಸಡಿಲವಿದ್ದು ಗಾಳಿಯೆಲ್ಲ ಹೋಗಿತ್ತು.

“ಬೇರೆ ತೆಗೀರಿ ಮಾವ” ಎಂದೆ.

“ಒಂದು ಸಲ ಎರೆದ ಮೇಲೆ ಚೆಲ್ಲಲಿಕ್ಕಿಲ್ಲ ಮಗಾ.” ಅವರ ತುಟಿ ಒಣಗಿ ಬಿಳಿಚಿತ್ತು. “ಇರ್ಲಿ. ನನ್ನ ಕೈಯಿಂದ ಆದದ್ದು ಇಷ್ಟು. ಬೈಯ್ತಾಳೆ, ಬೈಸಿಕೊಳ್ತೇನೆ.” ಇನ್ನೊಂದು ಬಾಟಲಿಯನ್ನು ದಾರ ಬಿಚ್ಚಿ, ಬಿರಡೆ ತೆಗೆಯದೆ ಗ್ಲಾಸಿನ ಪಕ್ಕಕ್ಕೆ ಇಟ್ಟರು. “ಒಂದಕ್ಕೇ ನಿಲ್ಲಿಸುವವಳಲ್ಲ ಅವಳು.”

ಬಡಿಸಿದ ಮೇಲೆ ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಲ್ಲುವುದು ನಮ್ಮ ಕ್ರಮ. ಹೋದವರು ಬಂದು ಉಣ್ಣುವಾಗ ಇದ್ದವರು ನೋಡಬಾರದು. ಮಾತಾಡಲೂಬಾರದು. ಏಸಿ ಇಲ್ಲದ, ಕೋಣೆಯೆದುರಿನ ಆ ಸಣ್ಣ ಓಣಿಯಲ್ಲಿ ನಾನು, ಇವರು, ಅಲೋಶಿಯಸ್, ಪಾಯಸದ ಪಾತ್ರೆ ಹಿಡಿದ ಸುಶೀಲಮ್ಮ, ಎಲ್ಲ ಸಾಲಾಗಿ ನಿಂತೆವು. ಮಾವ ಬಾಗಿಲಿಗೆ ಮುಖ ಮಾಡಿ ಕೈ ಕಟ್ಟಿಕೊಂಡಿದ್ದರು. ಅವರ ಬೆನ್ನು ನೋಡಿ ನನಗೆ ಅಳು ಬಂತು. ಅತ್ತೇ, ಈ ಒಂದು ಸಲ ಹೊಂದಿಕೊಳ್ಳಿ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಆಗ ಒಳಗೆ ಢಬ್ ಎಂದಿತು.

ಇವರು ಹಾರಿ ನನ್ನ ಕಾಲು ತುಳಿದರು. ಅಲೋಶಿಯಸ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ. ಸುಶೀಲಮ್ಮ “ರಾಮ ರಾಮ” ಎಂದರು. ಬಾಗಿಲ ಆಚೆ ಏನೋ ಸೊಯ್ಯೆಂದು ಸುರಿಯುವ ಸದ್ದು. ಅಷ್ಟರಲ್ಲಿ ಮಾವ ನಮ್ಮ ಕಡೆ ತಿರುಗಿದರು. ಅವರ ಮುಖ ನಗುತ್ತಿತ್ತು.

“ಕಾಯುವ ಅಭ್ಯಾಸ ಅವಳಿಗೆ ಯಾವಾಗ ಇತ್ತು?” ಎಂದು ಬಾಗಿಲು ತೆರೆದರು.

ದಾರ ಬಿಚ್ಚಿಟ್ಟಿದ್ದ ಬಾಟಲಿಯ ಬಿರಡೆ ಹಾರಿ ಕೋಳಿ ಸಾರಿನೊಳಗೆ ಬಿದ್ದಿತ್ತು. ಬಾಯಿಂದ ನೊರೆ ಇನ್ನೂ ಉಕ್ಕುತ್ತಿತ್ತು. ಎಲೆಯ ಮೇಲೆ ನೊರೆ, ಬಂಗುಡೆಯ ಮೇಲೆ ನೊರೆ, ನೆಲದ ಮೇಲೆ ನೊರೆ. ಅತ್ತೆಯ ಗ್ಲಾಸಿನ ಮೇಲೆ ಬೆಳ್ಳಗೆ ಒಂದು ಗೇಣು ನೊರೆ ಗೋಪುರದಂತೆ ಎದ್ದು ನಿಂತಿತ್ತು. ಸಕ್ಕರೆ ಮೂರು ಚಮಚ ಬಿದ್ದದ್ದು ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು, ಸರಿ. ಆ ಗಳಿಗೆಯಲ್ಲಿ ಯಾರಿಗೆ ಬೇಕಿತ್ತು ಅದು?

ಮಾವ ಎಲೆಯ ಮುಂದೆ ಕುಳಿತು ಭುಜ ಕುಲುಕಿಸಿ ನಕ್ಕರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಇವರು ಅಪ್ಪನ ಪಕ್ಕ ಕೂತು ಅವರಿಗಿಂತ ಜೋರಾಗಿ ಅತ್ತರು. ನಾನು ಒಂದು ಚೊಂಬು ನೀರು ತಂದು ಕೊಟ್ಟೆ. ಮಾವ ಗಟಗಟ ಕುಡಿದು, ಎಲೆಯ ಮೇಲಿನ ಸಾರಿಗೆ ಒಂದು ಬೆರಳದ್ದಿ ನೆಕ್ಕಿ, ಅತ್ತೆಯ ಗ್ಲಾಸಿನ ಕಡೆ ನೋಡಿದರು.

“ಲೋಲಾಕ್ಷಿ” ಎಂದರು, “ಉಪ್ಪು ಸ್ವಲ್ಪ ಕಡಿಮೆ ಅಂತೆ.”

ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ತಂದು ಎಲೆಯ ತುದಿಗೆ ಒಂದು ಚಿಟಿಕೆ ಜಾಸ್ತಿಯೇ ಹಾಕಿದೆ.